ಬುಗುರಿಗೆ ನೋವಂತೆ

ನನ್ನ ತಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಈಗ ಅಂಚೆಯವನಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವನು ಬುಗುರಿ. ಕುಂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಊಟದ ನಡುವೆ ನೀರಿಗೆಂದು ಏಳುತ್ತಾನೆ, ಉಪ್ಪಿಗೆಂದು ಏಳುತ್ತಾನೆ, ಕಿಟಕಿ ಹಾಕಲು ಏಳುತ್ತಾನೆ, ಹಾಕಿದ ಕಿಟಕಿ ತೆಗೆಯಲು ಮತ್ತೆ ಏಳುತ್ತಾನೆ. ಚಿಕ್ಕಂದಿನ ಫೋಟೋಗಳಲ್ಲಿ ನಾನು ನೆಟ್ಟಗೆ ಮುಖ ಗಂಟಿಕ್ಕಿಕೊಂಡು ನಿಂತಿದ್ದೇನೆ, ಪಕ್ಕದಲ್ಲಿ ಅವನಿರಬೇಕಾದ ಕಡೆ ಒಂದು ಮಸುಕು ಮಾತ್ರ ಇದೆ. ಇಂಥವನು ಹುಡುಕಿಕೊಂಡ ಕೆಲಸವೂ ಅದಕ್ಕೆ ತಕ್ಕಂಥದ್ದೇ, ಲಿಫ್ಟ್ ರಿಪೇರಿ. ಬೆಳಗಾದರೆ ಹೆಗಲಿಗೆ ಚೀಲ ಏರಿಸಿ ಹೊರಟನೆಂದರೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು.

ನಾನು ಶಾಲೆಯ ವ್ಯಾನು ಓಡಿಸುತ್ತೇನೆ. ಗಲಾಟೆ ಎಬ್ಬಿಸುವ ಒಂದು ವ್ಯಾನು ಮಕ್ಕಳನ್ನು ಕನ್ನಡಿಯಲ್ಲಿ ಒಮ್ಮೆ ಗುರಾಯಿಸಿ ಕೂರಿಸಬಲ್ಲೆ. ಇವನನ್ನು ಮಾತ್ರ ಕೂರಿಸಲು ಆಗಲಿಲ್ಲ. ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರೆಲ್ಲ ಹೇಳಿಕೊಂಡು ಬರುತ್ತಾನೆ. ಇಂಥ ತಮ್ಮನಿದ್ದರೆ ಮೂಗಿನ ತುದಿಯಲ್ಲಿ ಇನ್ನೇನು ನತ್ತು ಇರುತ್ತದೆಯೇ?

ಅವನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮೆಲುದನಿಯವಳು, ಆದರೆ ಹೇಳಿದ್ದನ್ನು ಎರಡನೇ ಸಲ ಹೇಳುವವಳಲ್ಲ. ದಿನವಿಡೀ ಬೇರೆಯವರ ಕಣ್ಣನ್ನು ಹತ್ತಿರದಿಂದ ನೋಡುವುದೇ ಅವಳ ದುಡಿಮೆ. ಹಾಗಾಗಿ ಗಂಡನ ಕಣ್ಣು ಬದಲಾದದ್ದನ್ನು ನಮ್ಮೆಲ್ಲರಿಗಿಂತ ಮೊದಲು ಕಂಡವಳು ಅವಳೇ.

ಅದು ಕೆಲವು ವರ್ಷಗಳ ಹಿಂದಿನ ಮಾತು. ಹಳೆಯ ಕಟ್ಟಡವೊಂದರಲ್ಲಿ ಲಿಫ್ಟ್ ಓಡಾಡುವ ಬಾವಿಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಆಸ್ಪತ್ರೆಯಲ್ಲಿ ಮಾರ್ಫಿನ್ ಜಾತಿಯ ಇಂಜೆಕ್ಷನ್ ಕೊಟ್ಟರು. ಆಗ ಅದು ಬೇಕೇ ಇತ್ತು, ಕೊಟ್ಟವರದು ತಪ್ಪಿಲ್ಲ. ಸೂಜಿ ಒಳಗೆ ಹೋದದ್ದೇ ತಡ, ನಮ್ಮ ಬುಗುರಿ ಹುಟ್ಟಿದಂದಿನಿಂದ ಮೊದಲ ಬಾರಿಗೆ ಅಲುಗಾಡದೆ ಮಲಗಿದ. ಮುಖದ ತುಂಬ ನಗು, ಹೇಳಿದ್ದಕ್ಕೆಲ್ಲ ಹೂಂ. ಅಬ್ಬಾ, ಕೊನೆಗೂ ಇವನಿಗೆ ವಿಶ್ರಾಂತಿ ಅಂತ ಒಂದು ಸಿಕ್ಕಿತಲ್ಲ ಎಂದು ನಾವು ಪೆದ್ದರು ಖುಷಿಪಟ್ಟೆವು. ಮೂಳೆ ಕೂಡಿಕೊಂಡಿತು, ಆಸೆ ಮಾತ್ರ ಹಾಗೇ ಉಳಿಯಿತು. ಆಮೇಲೆ ಅವನು ಆ ಸೂಜಿಗಾಗಿ ಇಲ್ಲದ ನೋವು ಹುಟ್ಟಿಸಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗಿದ. ನಾಟಕದವನಾಗಿದ್ದರೆ ಒಳ್ಳೆ ಹೆಸರು ಮಾಡುತ್ತಿದ್ದ. ಅವನ ನರಳಾಟ ನಂಬಿ ನಾನೇ ಎಷ್ಟೋ ಸಲ ವ್ಯಾನಿನಲ್ಲಿ ಕರೆದುಕೊಂಡು ಹೋಗಿದ್ದೇನೆ. ಕೊನೆಗೊಂದು ದಿನ ಅವನ ಹೆಂಡತಿ ಬಟ್ಟೆಬರೆ ಕಟ್ಟಿಕೊಂಡು ತಾಯಿ ಮನೆಗೆ ಹೋದಳು.

ಆಗ ಬುದ್ಧಿ ಬಂತು. ಚಟ ಬಿಡಿಸುವ ಆಸ್ಪತ್ರೆಗೆ ತಾನೇ ನಡೆದು ಹೋದ. ಅಲ್ಲಿ ಬೆವರಿದ, ನಡುಗಿದ, ವಾಂತಿ ಮಾಡಿದ, ಗೋಡೆಯಿಂದ ಗೋಡೆಗೆ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದ. ನಾನು ನೋಡಲು ಹೋದಾಗಲೆಲ್ಲ ಬಾಗಿಲಲ್ಲೇ ನಿಂತು ಬಯ್ದು, ವ್ಯಾನಿಗೆ ಬಂದು ಅತ್ತೆ. ಗೆದ್ದು ಹೊರಗೆ ಬಂದ. ಹೆಂಡತಿಯೂ ಬಂದಳು, ಒಂದೇ ಮಾತು ಹೇಳಿ: "ಇನ್ನೊಂದೇ ಒಂದು ಸಲ ಅಂದ್ರೂ ನಾನಿರಲ್ಲ."

ಅವತ್ತಿನಿಂದ ಆ ಮನೆಯಲ್ಲಿ ಯಾರೂ ಹೇಳದೆಯೇ ಒಂದು ಪದ್ಧತಿ ಬೆಳೆಯಿತು. ಮನೆಯಲ್ಲಿ ಒಂದು ಮಾತ್ರೆಯೂ ಇಡುವಂತಿಲ್ಲ. ತಲೆ ಸಿಡಿದರೆ ಒದ್ದೆ ಬಟ್ಟೆ, ಕಾಲು ಉಳುಕಿದರೆ ಬಿಸಿನೀರು. ಅದಕ್ಕಿಂತ ಮುಖ್ಯವಾಗಿ, ನೋವು ಎಂಬ ಮಾತನ್ನು ಬಾಯಿಬಿಟ್ಟು ಆಡುವಂತಿಲ್ಲ. ಅವನು ಆ ಮಾತೆತ್ತಿದರೆ ಇವಳ ಎದೆ ಧಸಕ್ಕೆನ್ನುತ್ತದೆ, ಇವಳು ಕೇಳಿದರೆ ಅವನು ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಾಡುತ್ತಾನೆ. ಹಲ್ಲು ನೋವೆಂದು ಇವಳು ಮೂರು ದಿನ ಕೆನ್ನೆ ಊದಿಸಿಕೊಂಡು ಓಡಾಡಿದಳೇ ಹೊರತು ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಸುತ್ತಿಗೆ ಹೆಬ್ಬೆರಳ ಮೇಲೆ ಬಿದ್ದು ಉಗುರು ಕಪ್ಪಾದಾಗ ಅವನು ಸಿಳ್ಳೆ ಹಾಕುತ್ತ ಒಳಗೆ ಬಂದ. ಬೇರೆಯವರ ಮನೆಯಲ್ಲಿ ಬೈಗುಳ ಆಡಬಾರದು, ನನ್ನ ತಮ್ಮನ ಮನೆಯಲ್ಲಿ ಅಯ್ಯೋ ಅನ್ನಬಾರದು.

ಹೀಗಿರುವಾಗ ಹೋದ ವರ್ಷ ಹೊಸದೊಂದು ಶುರುವಾಯಿತು. ರಜೆ ದಿನ ಬೆಣ್ಣೆಯಲ್ಲಿ ಹುರಿದದ್ದೋ ಕರಿದದ್ದೋ ಮನಸಾರೆ ತಿಂದು ಎದ್ದರೆ, ಸ್ವಲ್ಪ ಹೊತ್ತಿಗೆ ಬುಗುರಿಯ ಮುಖ ಬಿಳಿಚಿಕೊಳ್ಳುತ್ತಿತ್ತು. ಮಾತಿಲ್ಲದೆ ಮಹಡಿ ಮೇಲೆ ಹೋಗಿಬಿಡುತ್ತಿದ್ದ. ಕೆಳಗೆ ಅಡುಗೆಮನೆಯಲ್ಲಿ ನಿಂತ ಹೆಂಡತಿಗೆ ತಲೆಯ ಮೇಲೆ ಅವನ ಹೆಜ್ಜೆ ಕೇಳುತ್ತಿತ್ತು. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಕೆಲವೊಮ್ಮೆ ವಾಂತಿಯ ಸದ್ದು. ಇಳಿದು ಬಂದಾಗ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿರುತ್ತಿತ್ತು.

"ಏನಾಯ್ತ್ರೀ?"

"ಏನಿಲ್ಲ, ಸೆಕೆ."

ಚಳಿಗಾಲದಲ್ಲಿ ಸೆಕೆಯಂತೆ.

ಒಂದು ಮಧ್ಯಾಹ್ನ ನಾನು ಶಾಲೆ ಬಿಡುವುದನ್ನು ಕಾಯುತ್ತ ವ್ಯಾನಿನಲ್ಲಿ ಕೂತಿದ್ದಾಗ ಅವಳು ಅಂಗಡಿಯಿಂದ ನೇರ ಬಂದಳು. ಪಕ್ಕದ ಸೀಟಿನಲ್ಲಿ ಕೂತು ಕೈಚೀಲದ ಹಿಡಿಯನ್ನು ತಿರುಚತೊಡಗಿದಳು.

"ಅತ್ತಿಗೆ, ಮತ್ತೆ ಶುರುವಾಗಿದೆ."

ಏನು ಎಂದು ನಾನು ಕೇಳಲಿಲ್ಲ. ಬೆವರು, ಓಡಾಟ, ವಾಂತಿ, ಮುಚ್ಚುಮರೆ. ಹಿಂದೆ ಸೂಜಿ ಸಿಗದೆ ಅವನು ಒದ್ದಾಡುತ್ತಿದ್ದದ್ದೂ ಹೀಗೇ ಅಲ್ಲವೇ? ಅವಳು ನನ್ನ ಕಡೆ ನೋಡದೆ ಹೇಳಿದಳು, "ಬ್ಯಾಗು ಕಟ್ಟೋಕೆ ಮುಂಚೆ ಒಂದ್ಸಲ ಕಣ್ಣಾರೆ ನೋಡ್ಬೇಕು. ಸುಮ್ಮನೆ ಅನುಮಾನಪಟ್ಟು ಹೋದೆ ಅಂತ ಆಗ್ಬಾರ್ದು."

ಇವಳು ಈ ಸಲ ಹೋದರೆ ತಿರುಗಿ ಬರುವವಳಲ್ಲ, ಇವಳಿಲ್ಲದೆ ಅವನು ಉಳಿಯುವವನಲ್ಲ. ನನಗೆ ಅದು ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮುಂದಿನ ರಜೆ ದಿನ ಅವನು ಊಟ ಮುಗಿಸಿ ಸ್ನಾನಕ್ಕೆ ಹೋದ. ಊಟ ಆದಮೇಲೆ ಸ್ನಾನ ಮಾಡುವ ಮಹಾಶಯ ಅವನೊಬ್ಬನೇ, ಬೆನ್ನ ಮೇಲೆ ಬಿಸಿನೀರು ಬಿದ್ದರೆ ಹಾಯೆನಿಸುತ್ತದೆಂದು ಈಚೆಗೆ ಅಭ್ಯಾಸ ಮಾಡಿಕೊಂಡಿದ್ದ. ನಾವಿಬ್ಬರೂ ಅವನ ಕೆಲಸದ ಚೀಲವನ್ನು ನೆಲದ ಮೇಲೆ ಸುರಿದೆವು. ಪಾನಾಗಳು, ಟಾರ್ಚು, ಗ್ರೀಸು ಮೆತ್ತಿದ ಬಟ್ಟೆ, ಒಂದು ಹಿಡಿ ನಟ್ಟು ಬೋಲ್ಟು. ಎಲ್ಲಕ್ಕೂ ಅಡಿಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಪುಟ್ಟ ಪುಟ್ಟ ಪೊಟ್ಟಣಗಳು, ಒಳಗೆ ಬಿಳಿ ಪುಡಿ.

ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ನಾನು ತಡೆಯುವ ಮೊದಲೇ ಒಂದು ಪೊಟ್ಟಣ ಹರಿದು ಅಷ್ಟನ್ನೂ ನಾಲಿಗೆಯ ಮೇಲೆ ಸುರಿದುಕೊಂಡಳು. ಮರುಕ್ಷಣ ಅವಳ ಬಾಯಿಂದ ಬುಸಬುಸನೆ ನೊರೆ ಉಕ್ಕಿತು. ಕಣ್ಣಲ್ಲಿ ನೀರು, ಮೂಗಲ್ಲಿ ಗುಳ್ಳೆ, ಬಾಯ್ತುಂಬ ನೊರೆ. ನನಗೆ ಹೆದರಿಕೆ ಆಗಬೇಕೋ ನಗು ಬರಬೇಕೋ ತಿಳಿಯಲಿಲ್ಲ.

"ಅದು ಗ್ಯಾಸಿಗೆ ಕುಡಿಯೋದು ಕಣೇ," ಎಂಬ ದನಿ ಹಿಂದಿನಿಂದ ಬಂತು. "ನೀರಲ್ಲಿ ಕಲಸ್ಬೇಕು."

ಬುಗುರಿ ಟವೆಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಸುರಿದ ಪಾನಾಗಳನ್ನು ನೋಡಿದ, ನನ್ನನ್ನು ನೋಡಿದ, ನೊರೆ ಒರೆಸಿಕೊಳ್ಳುತ್ತಿದ್ದ ಹೆಂಡತಿಯನ್ನು ನೋಡಿದ.

"ಹುಡುಕಿ, ಹುಡುಕಿ. ಚಾವಣಿನೂ ಬಿಚ್ಚಿ ನೋಡಿ. ಏಣಿ ಕೊಡ್ಲಾ?"

"ಗ್ಯಾಸಿನ ಪುಡಿ ಬಚ್ಚಿಡೋದ್ಯಾಕೋ, ಕತ್ತೆ?" ಎಂದೆ ನಾನು.

"ಎದುರಿಗೆ ಇಟ್ಕೊಂಡ್ರೆ ಯಾಕೆ ಅಂತ ಕೇಳ್ತಾಳೆ. ಯಾಕೆ ಅಂತ ಹೇಳಿದ್ರೆ ಹೋಗ್ತಾಳೆ."

ಅಷ್ಟರಲ್ಲಿ ಅವನು ಬಲಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿಕೊಂಡ. ಒಂದು ಹೆಜ್ಜೆ ಇಟ್ಟ, ನಿಂತ, ಮೇಜಿನ ಅಂಚು ಹಿಡಿದ, ಬಿಟ್ಟ, ಮಂಡಿಯೂರಿದ, ಎದ್ದ, ಗೋಡೆಗೆ ಹಣೆ ಒತ್ತಿದ. ಕೂತರೂ ಆಗದು, ನಿಂತರೂ ಆಗದು, ಬಗ್ಗಿದರೂ ಆಗದು. ಬಾಯಲ್ಲಿ ಮಾತ್ರ ಸಿಳ್ಳೆ ಹಾಕಲು ನೋಡಿದ, ಗಾಳಿ ಬಂತೇ ಹೊರತು ಸ್ವರ ಬರಲಿಲ್ಲ. ಬಚ್ಚಲಿಗೆ ಓಡಿ ಉಂಡದ್ದೆಲ್ಲ ಕಕ್ಕಿದ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಂಥ ಹೊತ್ತಿನಲ್ಲೂ ನಮ್ಮ ಕಣ್ಣಲ್ಲಿದ್ದ ಪ್ರಶ್ನೆ ಒಂದೇ, ನಿಜವೋ ನಾಟಕವೋ? ತೋಳ ಬಂತು ತೋಳ ಎಂದು ಅಷ್ಟು ಸಲ ಕೂಗಿದವನ ಮನೆಯಲ್ಲಿ ನಿಜವಾದ ತೋಳವೂ ಬಾಗಿಲಲ್ಲೇ ಕಾಯಬೇಕಾಗುತ್ತದೆ. ಕೊನೆಗೆ ನಾನೇ ವ್ಯಾನಿನ ಬೀಗದ ಕೈ ತೆಗೆದುಕೊಂಡೆ. "ನಿಜ ಆದ್ರೆ ಡಾಕ್ಟ್ರು ನೋಡ್ತಾರೆ, ಸುಳ್ಳಾದ್ರೆ ನಾನು ನೋಡ್ಕೋತೀನಿ. ಹತ್ತೋ."

ಮಕ್ಕಳ ಸೀಟುಗಳ ನಡುವೆ ಅವನು ದಾರಿಯುದ್ದಕ್ಕೂ ಹೊರಳಿದ. ಮುಂದಿನ ಸೀಟಿಗೆ ಬಂದ, ಹಿಂದಕ್ಕೆ ಹೋದ, ನೆಲದ ಮೇಲೆ ಕೂತ. ಪ್ರತಿ ತಿರುವಿನಲ್ಲೂ ನಾನು ಬಯ್ಯುತ್ತಿದ್ದೆ.

ತುರ್ತು ಚಿಕಿತ್ಸೆಯ ಕೋಣೆಯ ಹೊರಗಿನ ಮೇಜಿನಲ್ಲೇ ನರ್ಸಮ್ಮ ಕೇಳಿದಳು, "ಹೊಟ್ಟೆ ನೋವಾ? ಹತ್ತರಲ್ಲಿ ಎಷ್ಟು ಅಂತ ಹೇಳಿ. ಹತ್ತು ಅಂದ್ರೆ ತಡಿಯೋಕಾಗಲ್ಲ."

ಬುಗುರಿ ಹೆಂಡತಿಯ ಮುಖ ನೋಡಿದ. ಹಣೆಯಿಂದ ಬೆವರು ಗಲ್ಲದವರೆಗೆ ಇಳಿದಿತ್ತು.

"ಎರಡು," ಎಂದ.

ಎರಡಾ? ಮೇಜನ್ನು ಹಿಡಿದ ಅವನ ಬೆರಳುಗಳು ಬಿಳಿಯಾಗಿದ್ದವು. ಆದರೆ ಆಸ್ಪತ್ರೆಯವರು ಪಾಪ, ಹೇಳಿದ್ದನ್ನು ತಾನೇ ನಂಬಬೇಕು? ಎರಡರವನು ಬೆಂಚಿನ ಮೇಲೆ ಕಾಯಲಿ ಎಂದರು. ಕಾಲು ಉಳುಕಿದವನು ನಮ್ಮ ಮುಂದೆ ಒಳಗೆ ಹೋದ, ಬೆರಳು ಕೊಯ್ದುಕೊಂಡವಳು ಹೋದಳು. ಬುಗುರಿ ಬೆಂಚಿನ ಮೇಲೆ ಕೂರಲಿಲ್ಲ. ಕಾರಿಡಾರಿನ ತುದಿಯವರೆಗೆ ಹೋಗಿ ಅಲ್ಲಿಯ ಲಿಫ್ಟಿನ ಬಾಗಿಲು ಕಿರ್ರೆನ್ನುವುದಕ್ಕೆ ಒಂದು ಬೈಗುಳ ಒಗೆದು ತಿರುಗಿ ಬರುತ್ತಿದ್ದ. ಅವನ ಹೆಂಡತಿ ಬೆಂಚಿನ ತುದಿಯಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು. ಅವಳಿಗದು ನುಂಗಲಾರದ ಬಿಸಿ ತುಪ್ಪವಾಗಿತ್ತು. ನಂಬಿದರೆ ಮತ್ತೆ ಮೋಸ ಹೋದೇನೋ ಎಂಬ ಭಯ, ನಂಬದಿದ್ದರೆ ಗಂಡ ಕಣ್ಣೆದುರೇ ಕುಸಿಯುತ್ತಿದ್ದಾನೆ.

ಆ ದಾರಿಯಲ್ಲಿ ಬಂದ ಡಾಕ್ಟರಮ್ಮ ಅವನನ್ನು ತಡೆದು ನಿಲ್ಲಿಸಿದಳು. ಚಿಕ್ಕ ವಯಸ್ಸು, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು. "ಎರಡು ಅಂದೋರು ನೀವೇನಾ? ಎರಡಕ್ಕೆ ಯಾರೂ ಇಷ್ಟು ದೂರ ನಡಿಯಲ್ಲ. ಬನ್ನಿ." ಮಂಚದ ಮೇಲೆ ಮಲಗಿಸಿ ಬಲಗಡೆ ಪಕ್ಕೆಲುಬಿನ ಕೆಳಗೆ ಬೆರಳೊತ್ತಿ ಉಸಿರೆಳೆಯಲು ಹೇಳಿದಳು. ಅರ್ಧ ಉಸಿರಿಗೇ ಅವನ ಬೆನ್ನು ಮಂಚ ಬಿಟ್ಟು ಎದ್ದಿತು. ಸ್ಕ್ಯಾನಿಂಗಿನ ಪರದೆಯ ಮೇಲೆ ನಮಗೂ ತೋರಿಸಿದಳು. ಪಿತ್ತಕೋಶದೊಳಗೆ ಕಲ್ಲುಗಳು, ಒಂದು ದೊಡ್ಡದು ಬಾಯಿಗೇ ಅಡ್ಡ ಕೂತಿದೆ. ಅದು ಅಡ್ಡ ಬಂದಾಗಲೆಲ್ಲ ಈ ನೋವಂತೆ. ಕೊಬ್ಬು ತಿಂದರೆ ಜಾಸ್ತಿಯಂತೆ. ಎಲ್ಲಿ ಹೇಗೆ ಹೊರಳಿದರೂ ಸಮಾಧಾನವಿಲ್ಲದ ಓಡಾಟವೂ ಅದರದೇ ಗುಣವಂತೆ.

ಅವನ ಹೆಂಡತಿ ಪರದೆಯ ಮೇಲಿನ ಕಲ್ಲನ್ನು ನೋಡುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇಷ್ಟು ತಿಂಗಳು ಹೇಗೆ ತಡ್ಕೊಂಡ್ರಿ?" ಎಂದಳು ಡಾಕ್ಟರಮ್ಮ. "ಸರಿ, ಮೊದಲು ನೋವು ಇಳಿಸೋಣ. ಒಂದು ಇಂಜೆಕ್ಷನ್ ಕೊಡ್ತೀನಿ, ಕ್ಷಣದಲ್ಲಿ ಆರಾಮ." ನರ್ಸಮ್ಮನ ಕಡೆ ತಿರುಗಿ ಹೆಸರು ಹೇಳಿದಳು. ಆ ಹಳೆಯ ಸೂಜಿಯದೇ ಹೆಸರು.

ನಾನು ತಮ್ಮನ ಮುಖ ನೋಡಿದೆ. ಸುಳ್ಳು ಹೇಳುವುದು ಬೇಡ, ಅಲ್ಲಿ ಒಂದು ಗಳಿಗೆ ಆಸೆ ಹಾದುಹೋಯಿತು, ಕಣ್ಣಾರೆ ಕಂಡೆ. ಕೇಳದೆಯೇ ಬಂದಿದೆ, ಡಾಕ್ಟರೇ ಕೊಡುತ್ತಿದ್ದಾರೆ, ನಿಜವಾದ ನೋವೇ ಇದೆ, ಯಾರು ತಾನೇ ತಪ್ಪು ಅಂದಾರು? ಅವನ ಹೆಂಡತಿ ಕೈಚೀಲವನ್ನು ಹೆಗಲಿಗೆ ಏರಿಸಿಕೊಂಡಳು. ಹೊರಡಲೋ, ಸುಮ್ಮನೆಯೋ, ಅವಳಿಗೇ ಗೊತ್ತಿರಲಿಲ್ಲವೇನೋ.

"ಅದು ಬೇಡ ಮೇಡಂ," ಎಂದ ಬುಗುರಿ.

"ಯಾಕೆ, ಅಲರ್ಜಿನಾ?"

"ಅಲರ್ಜಿ ಅಲ್ಲ ಮೇಡಂ, ಇಷ್ಟ."

ಪಕ್ಕದ ಮಂಚದವರೂ ತಿರುಗಿ ನೋಡಿದರು. ಅವನು ಮಂಡಿಗಳನ್ನು ಹೊಟ್ಟೆಗೆ ಎಳೆದುಕೊಂಡು, ಹಲ್ಲು ಕಚ್ಚಿ, ಎಲ್ಲರೆದುರಿಗೆ ಹೇಳಿದ: "ಅದಕ್ಕೋಸ್ಕರ ಸುಳ್ಳು ಹೇಳಿ ಊರೆಲ್ಲ ಸುತ್ತಿದೀನಿ. ಬಿಟ್ಟಿದೀನಿ ಈಗ. ಅದನ್ನ ಕೊಡ್ಲೇಬೇಡಿ. ಬೇರೆ ಇಲ್ದಿದ್ರೆ ಹೀಗೇ ಇರ್ತೀನಿ."

ಡಾಕ್ಟರಮ್ಮ ಸೂಜಿ ತುಂಬುತ್ತಿದ್ದ ನರ್ಸಮ್ಮನಿಗೆ ಕೈ ಸನ್ನೆ ಮಾಡಿದಳು. ಮುಖ ಸಿಂಡರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಹೀಗೇ ಯಾಕಿರ್ತೀರಿ? ನೋವು, ಊತ ಎರಡನ್ನೂ ಇಳಿಸೋ ಬೇರೆ ಔಷಧಿ ಇದೆ. ಆ ಜಾತಿಯದಲ್ಲ. ಅಮಲು ಬರಲ್ಲ, ಚಟ ಹತ್ತಲ್ಲ. ಪಿತ್ತಕೋಶದ ನೋವಿಗೆ ಇದೇನೂ ಅದಕ್ಕಿಂತ ಕಡಿಮೆಯಲ್ಲ. ಮೊದಲೇ ಇದನ್ನೇ ಹೇಳ್ಬೋದಿತ್ತು ನಾನು." ಆಮೇಲೆ ಒಂದೇ ಸಮನೆ ಕೇಳಿದಳು. ಕಿಡ್ನಿ ತೊಂದರೆ ಇದೆಯಾ, ಹೊಟ್ಟೆಯಲ್ಲಿ ಹುಣ್ಣಾಗಿತ್ತಾ, ರಕ್ತ ತೆಳು ಮಾಡುವ ಮಾತ್ರೆ ತಗೋತೀರಾ, ಯಾವ ಮಾತ್ರೆಗಾದರೂ ಉಬ್ಬಸ ಬಂದಿತ್ತಾ? ಎಲ್ಲಕ್ಕೂ ಇಲ್ಲ ಇಲ್ಲ ಎಂದ.

"ಆ ಬಾಟ್ಲಿ ಒಂದ್ಸಲ ಕೊಡ್ತೀರಾ?" ಎಂದಳು ಅವನ ಹೆಂಡತಿ. ಕನ್ನಡಕದ ಗಾಜಿನ ಮೇಲಿನ ಸಣ್ಣ ಅಂಕಿ ಓದುವವಳು, ಬೆರಳುದ್ದದ ಗಾಜಿನ ಬಾಟಲಿಯನ್ನು ಬೆಳಕಿಗೆ ಹಿಡಿದು ಅದರ ಮೇಲಿನ ಇರುವೆಯಂಥ ಅಕ್ಷರಗಳನ್ನೂ ಓದಿದಳು. ಎರಡು ಸಲ ಓದಿ ವಾಪಸು ಕೊಟ್ಟಳು.

ಔಷಧಿ ಒಳಗೆ ಹೋಯಿತು. ಹಳೆಯದರ ಹಾಗೆ ಸೂಜಿ ತೆಗೆಯುವುದರೊಳಗೆ ಸ್ವರ್ಗವೇನೂ ಇಳಿಯಲಿಲ್ಲ. ಬುಗುರಿ ಮಂಚದಿಂದ ಇಳಿದು ಸಲೈನಿನ ಕಂಬವನ್ನೇ ತಳ್ಳಿಕೊಂಡು ಮಂಚದ ಸುತ್ತ ತಿರುಗತೊಡಗಿದ. ನರ್ಸಮ್ಮ ಮಲಗಿಸಿದಳು, ಎದ್ದ. ನಾನು ಗದರಿಸಿ ಮಲಗಿಸಿದೆ, ಎದ್ದ. "ಕೆಲಸ ಮಾಡ್ತಿಲ್ಲ ಅನ್ಸತ್ತೆ," ಎಂದು ಅವನ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು. "ಮಾಡದಿದ್ರೆ ಆ ಇನ್ನೊಂದನ್ನೇ ಕೊಡ್ತಾರೆ ಅಲ್ವಾ ಅತ್ತಿಗೆ?" ಗೋಡೆಯ ಗಡಿಯಾರಕ್ಕೆ ಆ ದಿನ ಯಾರೋ ಕಾಲು ಕಟ್ಟಿದ್ದರು.

ನಿಧಾನವಾಗಿ ಕಂಬದ ಚಕ್ರದ ಸದ್ದು ಕಡಿಮೆಯಾಯಿತು. ಅವನು ನಿಂತ, ಕೂತ, ಒಂದು ಪೂರ್ತಿ ಉಸಿರೆಳೆದು ಹೊಟ್ಟೆ ಮುಟ್ಟಿ ನೋಡಿಕೊಂಡ. ಮಲಗಿದ. ನಿದ್ದೆಯೇ ಹೋಗಿಬಿಟ್ಟ.

ಈಗ ಅವನ ಹೆಂಡತಿಗೆ ಇನ್ನೊಂದು ಗಾಬರಿ. ಅಲುಗಾಡದೆ ಮಲಗಿದ ಬುಗುರಿಯನ್ನು ಅವಳು ಹಿಂದೆ ನೋಡಿದ್ದು ಯಾವಾಗ ಎಂದು ನನಗೂ ಗೊತ್ತಿತ್ತಲ್ಲ. ಮೆಲ್ಲಗೆ ಬಗ್ಗಿ ಹೆಬ್ಬೆರಳಿನಿಂದ ಅವನ ಕಣ್ಣಿನ ರೆಪ್ಪೆ ಎತ್ತಿದಳು. ಆ ಸೂಜಿ ಬಿದ್ದರೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ, ಅವಳಿಗದು ಚೆನ್ನಾಗಿ ಗೊತ್ತು.

"ಏಯ್, ಕಣ್ಣು ಕೀಳ್ತೀಯೇನೇ?" ಎಂದು ಬುಗುರಿ ಕಿರುಚಿದ. "ಮನೇಲಿ ಬ್ಯಾಗು ಸುರಿದಾಯ್ತು, ಇಲ್ಲಿ ಕಣ್ಣು ಸುರಿಬೇಕಾ? ಆ ಹತ್ತನೇ ನಂಬರ್ ಪಾನಾ ಮೂಲೇಗೆ ಉರುಳಿತ್ತು, ಎತ್ತಿಟ್ಯಾ? ಎತ್ತಿಟ್ಟಿರಲ್ಲ!"

ಪಾಪೆ ಅಗಲವಾಗಿ, ಸರಿಯಾಗಿಯೇ ಇತ್ತು, ಕಣ್ಣು ಸಿಟ್ಟಿನಿಂದ ಉರಿಯುತ್ತಿತ್ತು. ಅವಳು ಕುರ್ಚಿಗೆ ಕುಸಿದು ಅಳತೊಡಗಿದಳು. ಗಂಡನಿಂದ ಬೈಸಿಕೊಂಡು ಅಷ್ಟು ಸಂತೋಷಪಟ್ಟವಳನ್ನು ನಾನಂತೂ ಕಂಡಿಲ್ಲ.

ಡಾಕ್ಟರಮ್ಮ ಮತ್ತೆ ಬಂದು, ನೋವು ಇಳಿದಿದೆ, ಕಲ್ಲು ಅಲ್ಲೇ ಇದೆ ಎಂದಳು. ಇಲ್ಲೇ ಇರಬೇಕು, ಪಿತ್ತಕೋಶ ತೆಗೆಯಬೇಕು. ಆಪರೇಷನ್ನಿನವರಿಗೂ ಹಳೆಯ ವಿಷಯ ಹೇಳಿರುತ್ತೇನೆ, ಅದಕ್ಕೆ ತಕ್ಕ ಹಾಗೆ ನೋಡಿಕೊಳ್ಳುತ್ತಾರೆ ಎಂದೂ ಹೇಳಿದಳು. ಹೊರಡುವ ಮುಂಚೆ ಅವನತ್ತ ಬೆರಳು ತೋರಿಸಿದಳು. "ನೋವು ಮತ್ತೆ ಬಂದ್ರೆ ಬಂದಷ್ಟೇ ಹೇಳ್ಬೇಕು. ನೀವು ಮುಚ್ಚಿಟ್ರೆ ಒಳಗೆ ಕೀವಾಗಿದ್ರೂ ನಮಗೆ ಗೊತ್ತಾಗಲ್ಲ. ಜೀವಕ್ಕೇ ಅಪಾಯ." ಅವನು ತಲೆಯಾಡಿಸಿದ. ಅವನ ತಲೆಯಾಡಿಸುವಿಕೆಯ ಬೆಲೆ ನನಗೆ ಗೊತ್ತು.

ಸಂಜೆ ವಾರ್ಡಿನಲ್ಲಿ ದೀಪ ಹಾಕುತ್ತಿದ್ದರು. ನರ್ಸುಗಳ ಪಾಳಿ ಬದಲಾಗಿತ್ತು. ಬುಗುರಿ ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ, ದಿಂಬು ತಿರುಗಿಸಿದ. ಆಮೇಲೆ ತುಟಿಗಳನ್ನು ಸಿಳ್ಳೆ ಹಾಕುವವನ ಹಾಗೆ ಗುಂಡಗೆ ಮಾಡಿದ. ಹೊಸ ನರ್ಸು ಬಾಗಿಲಲ್ಲೇ ನಿಂತು "ಎಲ್ಲ ಆರಾಮಾ?" ಎಂದಳು. "ಆರಾಮು ಸಿಸ್ಟರ್," ಎಂದ. ಅವಳು ಮುಂದಕ್ಕೆ ಹೋದಳು. ನಾನು ಬಾಯಿ ತೆರೆದಿದ್ದೆ, ಆದರೆ ಅವನ ಹೆಂಡತಿ ನನ್ನ ಮೊಣಕೈ ಹಿಡಿದಳು. ಮಂಚದ ಅಂಚಿನಲ್ಲಿ ಕೂತು, ಆ ಮನೆಯಲ್ಲಿ ವರ್ಷಗಳಿಂದ ಯಾರೂ ಕೇಳದ ಮಾತು ಕೇಳಿದಳು.

"ರೀ, ನೋವಾ?"

ಅವನು ಕಿಟಕಿಯ ಕಡೆ ಮುಖ ಮಾಡಿದ.

"ನಾನೆಲ್ಲೂ ಹೋಗಲ್ಲ. ಹೇಳಿ."

"ಹೂಂ," ಎಂದ. "ಏಳು. ಇಲ್ಲ ಕಣೇ, ಎಂಟು."

ಮೆಲುದನಿಯ ಆ ಹೆಂಗಸು ಚಪ್ಪಲಿಯನ್ನೂ ಹಾಕಿಕೊಳ್ಳದೆ ಕಾರಿಡಾರಿಗೆ ಓಡಿದಳು. "ಸಿಸ್ಟರ್! ಬೇಗ ಬನ್ನಿ, ಎಂಟು!" ನರ್ಸು ತಿರುಗಿ, ಈಗಷ್ಟೇ ಆರಾಮು ಅಂದರಲ್ಲ, ಯಾರು ಹೇಳಿದರು ಎಂಟು ಅಂತ, ಎಂದು ಕೇಳಿದ್ದು ನನಗೆ ಒಳಗೇ ಕೇಳಿಸಿತು.

"ನನ್ನ ಗಂಡ ಹೇಳಿದ್ರು," ಎಂದಳು ಅವಳು. "ಅವರು ಹೇಳಿದ್ರೆ ನಿಜ."